ಹಿನ್ನೀರಿನ ದಂಡೆಯಲ್ಲೊಂದು ಬಿಡಾರ

ವಿಜಯಪುರ ಸೀಮೆಯ ಒಕ್ಕಲುಮಕ್ಕಳಿಗೆ ಬಯಲಿನ ವಾಸವು ಹೊಸದೇನೂ ಅಲ್ಲ. ಎಳ್ಳಮಾವಾಸ್ಯೆಯ ದಿನ ಸಜ್ಜೆಯ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿಗಳ ಬುತ್ತಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಬಿಳಿಜೋಳದ ನಡುವೆ ಭೂತಾಯಿಗೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಬಂಧುಬಾಂಧವರೊಡನೆ ಉಂಡು ಬರುವುದು ಈ ಭಾಗದ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಯುಗಾದಿಯ ಮುಂಚೆ ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ನಡೆಯುವ ಭಕ್ತರು ದಾರಿಯ ಮರದಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಕೆರೆಯ ಮಗ್ಗುಲಲ್ಲಿ ಇರುಳು ಕಳೆಯುತ್ತಾರೆ. ಕುರಿಗಾರನಿಗಂತೂ ವರುಷದ ಬಹುಭಾಗ ಬಯಲೇ ಮನೆ, ಕಂಬಳಿಯೇ ಗುಡಾರ. ಇವಾವುದಕ್ಕೂ ಯಾರೂ ಶಿಬಿರವೆಂದು ಹೆಸರಿಡಲಿಲ್ಲ. ಬದುಕೆಂದು ಮಾತ್ರ ಕರೆದರು.

ಶಾಲೆಯ ಮಕ್ಕಳ ಶಿಬಿರವೆಂಬ ಕಲ್ಪನೆ ಹೊರಗಿನಿಂದ ಬಂದದ್ದು ನಿಜ. 1907ರಲ್ಲಿ ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿ ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಕೆಲವು ಹುಡುಗರನ್ನು ಕೂಡಿಸಿ ನಡೆಸಿದ ಪ್ರಯೋಗವೇ ಬಾಲಚರ ಚಳವಳಿಗೆ ಬೀಜವಾಯಿತು. ಸ್ವತಂತ್ರ ಭಾರತದಲ್ಲಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ರೂಪುಗೊಂಡು, ಆ ಪದ್ಧತಿ ಊರೂರಿನ ಶಾಲೆಗಳಿಗೆ ಹಬ್ಬಿತು. ಆದರೂ ಹೊರಗಿನಿಂದ ಬಂದ ಬೀಜ ಈ ನೆಲದ ಎರಿಮಣ್ಣಿನಲ್ಲಿ ಬೇರೂರಬೇಕಾದರೆ ಈ ನೆಲದ ನೀರನ್ನೇ ಕುಡಿಯಬೇಕು. ಕೊಲ್ಹಾರದ ಹಿನ್ನೀರಿನ ದಂಡೆಯ ಮೇಲೆ ಪ್ರೌಢಶಾಲೆಯ ಹುಡುಗರು ಕಳೆದ ಎರಡು ದಿನಗಳು ಈ ಮಾತಿಗೆ ಸಾಕ್ಷಿಯಾಗಿ ನಿಂತಿವೆ.

ಕೊಲ್ಹಾರವೆಂದೊಡನೆ ದೂರದ ಊರಿನವರಿಗೆ ನೆನಪಾಗುವುದು ಮೊಸರು. ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯಬಹುದಾದಷ್ಟು ಗಟ್ಟಿಯೆಂಬ ಅದರ ಕೀರ್ತಿ ಜನಜನಿತವಾದುದು. ಹತ್ತಿರದವರಿಗೆ ನೆನಪಾಗುವುದು ಕೃಷ್ಣೆ. ಮಹಾಬಳೇಶ್ವರದ ಬೆಟ್ಟದಲ್ಲಿ ಹುಟ್ಟಿ, ಸಹ್ಯಾದ್ರಿಯ ಮಳೆಯನ್ನೆಲ್ಲ ತುಂಬಿಕೊಂಡು ಬರುವ ಆ ಮಹಾನದಿ ಈ ಊರಿನ ಮಗ್ಗುಲಲ್ಲಿ ಹಿಂದೆ ಹೊಳೆಯಾಗಿ ಹರಿಯುತ್ತಿತ್ತು. ಈಗ ಸಾಗರವಾಗಿ ನಿಂತಿದೆ. ಆಲಮಟ್ಟಿಯಲ್ಲಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಾಲ್ಕು ದಶಕಗಳು ಕಳೆದ ಮೇಲೆ, 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದರು. 26 ಬಾಗಿಲುಗಳ ಆ ಕಟ್ಟೆಯ ಹಿಂದೆ, 519.60 ಮೀಟರ್ ಎತ್ತರದವರೆಗೆ, 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅಡಿಗಲ್ಲಿಟ್ಟ ಮಹನೀಯರ ಹೆಸರೇ ಸಾಗರಕ್ಕೂ ಸಂದಿದೆ. ಕಾಲುವೆಗಳ ಕೆಳಗಿನ ಒಣಭೂಮಿ ಹಸಿರಾಯಿತು, ವಿದ್ಯುತ್ತು ಹುಟ್ಟಿತು. ಅದಕ್ಕಾಗಿ ಬಾಗಲಕೋಟೆ ನಗರದ ಒಂದು ಭಾಗವೂ ಹಳೆಯ ಕೊಲ್ಹಾರವೂ ನದಿತೀರದ ಅನೇಕ ಹಳ್ಳಿಗಳೂ ತಮ್ಮ ನೆಲವನ್ನು ನೀರಿಗೆ ಒಪ್ಪಿಸಿದವು. ಈಗ ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವವರು ಕೊಲ್ಹಾರ ಮತ್ತು ಕೊರ್ತಿಗಳ ನಡುವಿನ ಉದ್ದನೆಯ ಸೇತುವೆಯನ್ನು ದಾಟುವಾಗ ಕಿಟಕಿಯಿಂದ ಇಣುಕಿ, "ಎಂಥ ಚೆಲುವು!" ಎಂದು ಉದ್ಗರಿಸುತ್ತಾರೆ. ಆ ಚೆಲುವಿನ ಕೆಳಗೆ ಅಂಗಳಗಳಿವೆ, ಒರಳುಕಲ್ಲುಗಳಿವೆ ಎಂಬುದು ವೇಗದ ವಾಹನದಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ.

ಎಳ್ಳಮಾವಾಸ್ಯೆ ಕಳೆದ ಮರುವಾರ ಶಾಲೆಯ ಹುಡುಗರ ತಂಡವೊಂದು ಈ ದಂಡೆಯ ಮೇಲೆ ಬಿಡಾರ ಹೂಡಲು ಹೊರಟಿತು. ಶ್ರೀಮಠದಲ್ಲಿ ಪ್ರಸಾದ ಸ್ವೀಕರಿಸಿ, ಪೂಜ್ಯರ ಆಶೀರ್ವಾದ ಪಡೆದು, ಗುಡಾರ, ಹಗ್ಗ, ಪಾತ್ರೆ, ಅಕ್ಕಿ, ಬೇಳೆ, ರೊಟ್ಟಿಯ ಗಂಟುಗಳೊಡನೆ ಹೊರಟ ಆ ಮಕ್ಕಳ ಉತ್ಸಾಹವನ್ನು ಬಣ್ಣಿಸುವುದು ಅನಾವಶ್ಯಕ. ಜೊತೆಗೆ ದೈಹಿಕ ಶಿಕ್ಷಕರು ಇದ್ದರು, ವಿಜ್ಞಾನದ ಅಧ್ಯಾಪಕರು ಇದ್ದರು. ವೇಳಾಪತ್ರಿಕೆ ಅಚ್ಚುಕಟ್ಟಾಗಿತ್ತು: ಬೆಳಿಗ್ಗೆ ಪ್ರಾರ್ಥನೆ, ಬಳಿಕ ಪಕ್ಷಿವೀಕ್ಷಣೆ, ಮಧ್ಯಾಹ್ನ ಈಜು, ಸಂಜೆ ಆಟ, ರಾತ್ರಿ ಅಗ್ಗಿಷ್ಟಿಕೆಯ ಸುತ್ತ ಹಾಡು. ಗುಡಾರಗಳಿಗೆ ಆರಿಸಿದ ಸ್ಥಳವೂ ಮನೋಹರವಾಗಿತ್ತು. ಎರಡು ಜಾಲಿಮರಗಳ ನೆರಳು. ಮುಂದೆ ಇಳಿಜಾರಾದ ಬಯಲು. ಬಯಲಿನ ಕೊನೆಗೆ ಮೊಣಕಾಲುದ್ದವೆಂದು ತೋರುವ ತಿಳಿನೀರು. ಈಜಿಗೆ ಇದಕ್ಕಿಂತ ತಕ್ಕ ತಾಣ ಸಿಕ್ಕೀತೇ ಎಂದು ಎಲ್ಲರೂ ಎಣಿಸಿದರು.

ಆ ಹೊತ್ತಿಗೆ ಊರ ಕಡೆಯಿಂದ ವೃದ್ಧರೊಬ್ಬರು ಎರಡು ಗಡಿಗೆ ಮೊಸರು ಹೊರಿಸಿಕೊಂಡು ಬಂದರು. ಶಿಬಿರದ ಊಟಕ್ಕೆ ಮೊಸರು ಒದಗಿಸುವುದಷ್ಟೇ ಅವರಿಗೆ ಒಪ್ಪಿಸಿದ್ದ ಕೆಲಸ. ಹಣೆಯ ತುಂಬ ವಿಭೂತಿ, ತಲೆಗೆ ಮಾಸಿದ ರುಮಾಲು, ಹೆಗಲ ಮೇಲೆ ಕಂಬಳಿ. ಗಡಿಗೆಗಳನ್ನು ನೆರಳಿಗೆ ಇರಿಸಿದ ಮೇಲೆ ಅವರು ಹೊರಡಲಿಲ್ಲ. ನೀರಿನ ಕಡೆಗೆ ನೋಡುತ್ತ ನಿಂತರು.

"ಮಾಸ್ತರ್ರ, ಹುಡುಗರನ್ನ ಈಜಾಕ ಎಲ್ಲಿ ಇಳಸ್ತೀರಿ?" ಎಂದು ಕೇಳಿದರು. ಶಿಕ್ಷಕರು ಎದುರಿನ ತಿಳಿನೀರನ್ನು ತೋರಿಸಿದರು.

"ಅಲ್ಲಿ ಬ್ಯಾಡ್ರಿ. ಅಲ್ಲಿ ನಮ್ಮ ಬಾವಿ ಐತಿ."

ಒಂದು ಗಳಿಗೆ ಆ ಮಾತಿನ ಅರ್ಥ ಯಾರಿಗೂ ಆಗಲಿಲ್ಲ. ಗುಡಾರಕ್ಕೆಂದು ತಂದಿದ್ದ ಉದ್ದನೆಯ ಬಿದಿರುಗಳವೊಂದನ್ನು ವೃದ್ಧರು ಕೇಳಿ ಪಡೆದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿಯನ್ನು ಶಿಕ್ಷಕರ ಕೈಗೆ ಕೊಟ್ಟು, ನೀರಿಗೆ ಇಳಿದರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ನೀರು ಮೊಣಕಾಲು ಮೀರಲಿಲ್ಲ. ಅಲ್ಲಿ ನಿಂತು ಒಂದು ಮಾರು ಮುಂದಕ್ಕೆ ಗಳವನ್ನು ಇಳಿಬಿಟ್ಟರು. ಗಳ ಇಳಿಯಿತು, ಇನ್ನೂ ಇಳಿಯಿತು, ಅವರ ಮುಷ್ಟಿ ನೀರನ್ನು ಮುಟ್ಟುವವರೆಗೂ ಇಳಿಯಿತು, ತಳ ತಾಗಲಿಲ್ಲ. ದಂಡೆಯ ಮೇಲೆ ಗದ್ದಲ ಮಾಡುತ್ತಿದ್ದ ಹುಡುಗರು ತಾವಾಗಿಯೇ ಸುಮ್ಮನಾದರು. ವೇಳಾಪತ್ರಿಕೆಯನ್ನು ಬರೆದ ಕೈ ಆ ಕ್ಷಣ ನಡುಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ದಂಡೆಗೆ ಬಂದು ಕುಳಿತ ಬಳಿಕ ವೃದ್ಧರು ಎಲ್ಲವನ್ನೂ ವಿವರಿಸಿದರು. ಗುಡಾರ ಹೂಡಿದ ಇಳಿಜಾರು ಅವರ ಹೊಲದ ಮೇಲಿನ ತುದಿ. ನೀರಿನೊಳಗಿನದು ಕೆಳಗಿನ ತುದಿ. ಬಾವಿಯನ್ನು ಅವರ ತಂದೆ ತೋಡಿಸಿ ಕಲ್ಲು ಕಟ್ಟಿಸಿದ್ದರು. ಸಾಗರ ತುಂಬತೊಡಗಿದ ವರುಷಗಳಲ್ಲಿ ಹೊಲವೂ ಬಾವಿಯೂ ನೀರಿನ ಕೆಳಗಾದವು. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಸುತ್ತು ಹೊರಗೆ ಕಾಣುತ್ತದೆ, ಚಳಿಗಾಲದಲ್ಲಿ ಕಾಣುವುದಿಲ್ಲ. ಅಪಾಯವಿರುವುದು ಕಾಣದಾಗಲೇ.

ಅವರ ಮಾತಿನಲ್ಲಿ ಭಾಷಾಭ್ಯಾಸಿಗಳು ಗಮನಿಸಬೇಕಾದ ಅಂಶವೊಂದಿದೆ. "ಬಾವಿ ಇತ್ತು" ಎಂದು ಅವರು ಹೇಳಲಿಲ್ಲ. "ಬಾವಿ ಐತಿ" ಎಂದರು. ನೀರಿನ ಮೇಲೆ ನಿಂತವರಿಗೆ ಹಳೆಯ ಊರು ಭೂತಕಾಲದ ಸಂಗತಿ. ಆ ನೆಲವನ್ನು ಉತ್ತವರಿಗೆ ಅದು ವರ್ತಮಾನ. ಬಾವಿ ಐತಿ, ಬೇಲಿ ಐತಿ, ಬೇಲಿಯ ಮುಳ್ಳುತಂತಿಯೂ ಐತಿ. ಈ ಒಂದು ಕ್ರಿಯಾಪದದ ವ್ಯತ್ಯಾಸದಲ್ಲಿ ಎಳೆಯ ಜೀವವೊಂದರ ಅಳಿವು ಉಳಿವು ಅಡಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಅಂದಿನಿಂದ ಶಿಬಿರದ ವೇಳಾಪತ್ರಿಕೆ ಬದಲಾಯಿತು. ಮೊಸರು ತಂದವರೇ ಶಿಬಿರದ ಆಚಾರ್ಯರಾದರು. ದಂಡೆಯ ಮೇಲೆ ಅವರು ಮಕ್ಕಳನ್ನು ನಡೆಸಿಕೊಂಡು ಹೋಗಿ ಕಲಿಸಿದ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದು. ಹೊಳೆಗೆ ದಡವಿದೆ, ಹಿನ್ನೀರಿಗೆ ದಡವಿಲ್ಲ. ಮಳೆಗಾಲದಲ್ಲಿ ಏರಿ, ಕಾಲುವೆಗೆ ನೀರು ಬಿಟ್ಟಂತೆ ಇಳಿದು, ಅದರ ಅಂಚು ತಿಂಗಳು ತಿಂಗಳಿಗೆ ಸರಿಯುತ್ತ ಹೋಗುತ್ತದೆ. ನೀರು ಸರಿದ ಎರಿಮಣ್ಣು ಮೇಲೆ ಒಣಗಿ ಗಟ್ಟಿಯಾದಂತೆ ತೋರಿದರೂ ಒಳಗೆ ಅಂಬಲಿಯಂತಿರುತ್ತದೆ. ಅಗಲವಾಗಿ, ಆಳವಾಗಿ ಬಿರುಕು ಬಿಟ್ಟ ನೆಲ ಒಣಗಿದ ನೆಲ. ನುಣುಪಾಗಿ ಹೊಳೆಯುವ ನೆಲದ ಮೇಲೆ ಕಾಲಿಡಬಾರದು. ಕಾಲು ಹೂತವನು ಒದ್ದಾಡದೆ ಹಿಂದಕ್ಕೆ ಒರಗಿ, ಹಗ್ಗಕ್ಕಾಗಿ ಕೂಗಬೇಕು. ಗಾಳಿ ಎದ್ದಾಗ ಸಣ್ಣ ಹೊಳೆಯಲ್ಲಿ ಏಳದ ತೆರೆ ಇಲ್ಲಿ ಏಳುತ್ತದೆ. ಮೀನುಗಾರರು ಬಿಟ್ಟುಹೋದ ಹರಕು ಬಲೆ ಹಕ್ಕಿಯ ಕಾಲಿಗೂ ಉರುಲು, ಮನುಷ್ಯನ ಕಾಲಿಗೂ ಉರುಲು. ಇಷ್ಟನ್ನೂ ಹೇಳಿ, ಹಿಂದೆ ಎತ್ತುಗಳು ನೀರು ಕುಡಿಯಲು ಇಳಿಯುತ್ತಿದ್ದ ಗರಸಿನ ನೆಲದ ಇಳಿಜಾರೊಂದನ್ನು ತೋರಿಸಿ, ಗಳದಿಂದ ಅಂಗುಲ ಅಂಗುಲವಾಗಿ ತಳವನ್ನು ಪರೀಕ್ಷಿಸಿ, "ಇಲ್ಲಿ ಇಳಸ್ರಿ" ಎಂದರು. ಹಗ್ಗ ಕಟ್ಟಿ ಗೆರೆ ಮಾಡಿ, ಇಬ್ಬಿಬ್ಬರನ್ನು ಜೊತೆಮಾಡಿ, ತೇಲುಅಂಗಿ ತೊಡಿಸಿ, ಸೀಟಿ ಊದಿದಾಗೊಮ್ಮೆ ತಲೆಯೆಣಿಕೆ ಮಾಡಿ, ಮಕ್ಕಳನ್ನು ನೀರಿಗಿಳಿಸಿದರು. ಅವರ ಹರ್ಷಕ್ಕೆ ಏನೂ ಕೊರತೆಯಾಗಲಿಲ್ಲ. ಭಯವಿಲ್ಲದ ಹರ್ಷವಾದುದರಿಂದ ಅದು ಇಮ್ಮಡಿಯಾಯಿತೆಂದೇ ಹೇಳಬೇಕು.

ಆ ಸಂಜೆ ಗುಡಾರದ ಮುಂದೆ ಊಟಕ್ಕೆ ಕುಳಿತಾಗ ಎಂಟನೆಯ ಇಯತ್ತೆಯ ಹುಡುಗನೊಬ್ಬ ಬಹಳ ಹೊತ್ತು ಸುಮ್ಮನಿದ್ದು ಕೇಳಿದನು: "ಅಜ್ಜಾರ, ನಿಮ್ಮ ಹೊಲ ಮುಳುಗಿದಲ್ಲಿ ನಾವು ಆಟ ಆಡಾಕತ್ತೀವಿ. ನಿಮಗ ಸಿಟ್ಟು ಬರೂದಿಲ್ಲೇನ್ರಿ?"

ವೃದ್ಧರು ರೊಟ್ಟಿಯ ಚೂರನ್ನು ಮೊಸರಿನಲ್ಲಿ ಅದ್ದುತ್ತ ಹೇಳಿದರು: "ಸಿಟ್ಟು ಯಾರ ಮ್ಯಾಲ ಮಾಡ್ಲೆಪಾ? ನೀರಂದೇನು ತಪ್ಪೈತಿ? ನೀರು ಬಂದ ಮ್ಯಾಲ ಈ ದಂಡಿಗೆ ಬರೂದ ಬಿಟ್ಟಿದ್ದೆ. ಇವತ್ತ ಹುಡುಗರ ದನಿ ಕೇಳಿ ಕುಂತೀನಿ. ಆಡ್ರಿ. ಆದ್ರ ಎಲ್ಲಿ ಆಡಾಕತ್ತೀವಿ ಅನ್ನೂದು ಗೊತ್ತಿರಲಿ."

ಶಿಬಿರದ ಸಾರವೆಲ್ಲ ಆ ಕೊನೆಯ ಮಾತಿನಲ್ಲಿದೆ.

ಇರುಳಾಯಿತು. ಸೇತುವೆಯ ಮೇಲೆ ವಾಹನಗಳ ದೀಪಗಳು ಸಾಲಾಗಿ ಹರಿಯುತ್ತಿದ್ದವು. ದಂಡೆಯ ಮೇಲೆ ಮಾತ್ರ ಕತ್ತಲೆ, ಮೇಲೆ ನಕ್ಷತ್ರ. ನೀರಿನ ನಡುವಿನಿಂದ ಯಾವುದೋ ಹಕ್ಕಿಯ ದೊಡ್ಡ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ದೂರದಿಂದ ಅದಕ್ಕೆ ಮರುಕೂಗು. ಮರುದಿನ ಬೆಳಿಗ್ಗೆ ದುರ್ಬೀನಿನಲ್ಲಿ ನೋಡಿದಾಗ ಕೇಸರಿಮಿಶ್ರಿತ ಕಂದು ಮೈಯ, ಮಾಸಲು ಬಿಳುಪು ತಲೆಯ ಬಾತುಗಳ ಜೋಡಿಗಳು ನೀರಿನ ಅಂಚಿನಲ್ಲಿ ನಿಂತಿದ್ದವು. ವಿಜ್ಞಾನದ ಅಧ್ಯಾಪಕರು ಅದರ ಇಂಗ್ಲಿಷ್ ಹೆಸರನ್ನು ಹೇಳಿದರು. ಕಾವ್ಯವನ್ನು ಓದಿದವರಿಗೆ ಅದು ಹಳೆಯ ಪರಿಚಯ. ಸಂಸ್ಕೃತದ ಚಕ್ರವಾಕ, ಕನ್ನಡದ ಜಕ್ಕವಕ್ಕಿ. ಹಗಲೆಲ್ಲ ಕೂಡಿದ್ದು ಇರುಳಾದೊಡನೆ ನದಿಯ ಎರಡು ದಡಗಳಲ್ಲಿ ಅಗಲಿ ಒಂದನ್ನೊಂದು ಕರೆಯುವ ದಂಪತಿಗಳೆಂದು ಕವಿಗಳು ಸೂರ್ಯಾಸ್ತದ ವರ್ಣನೆಗಳಲ್ಲಿ ಅವನ್ನು ಹಾಡಿ ದಣಿಯಲಿಲ್ಲ. ರಾತ್ರಿ ಮೇವನ್ನರಸುತ್ತ ಚದುರಿದ ಹಕ್ಕಿಗಳು ಕೂಗಿ ಕರೆಯುವುದನ್ನು ಕೇಳಿಯೇ ಪ್ರಾಚೀನರು ಆ ಕವಿಸಮಯವನ್ನು ಕಟ್ಟಿರಬೇಕು. ತರಗತಿಯಲ್ಲಿ "ಜಕ್ಕವಕ್ಕಿ ಎಂದರೆ ಒಂದು ಜಾತಿಯ ಹಕ್ಕಿ" ಎಂದು ಬರೆದು ಅಂಕ ಗಳಿಸಿದ ಹುಡುಗರು ಆ ಬೆಳಿಗ್ಗೆ ಪದವನ್ನು ಕಣ್ಣಾರೆ ಕಂಡರು, ಕಿವಿಯಾರೆ ಕೇಳಿದರು. "ಇವು ನೀರು ಬರೂ ಮುಂಚೇನೂ ಹೊಳಿಗೆ ಬರ್ತಿದ್ವು" ಎಂದು ವೃದ್ಧರು ದನಿಗೂಡಿಸಿದರು. ಊರು ಸ್ಥಳಾಂತರಗೊಂಡರೂ ಹಕ್ಕಿ ತನ್ನ ನೀರನ್ನು ಮರೆತಿರಲಿಲ್ಲ.

ಈ ಚಕ್ರವಾಕಗಳು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯದ ಎತ್ತರದ ನಾಡುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಳಿದು ಬರುವ ಅತಿಥಿಗಳು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳಂತೂ ಹಿಮಾಲಯವನ್ನೇ ಹಾರಿ ದಾಟುತ್ತವೆ. ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆಂಬುದನ್ನು ಬಾಗಲಕೋಟೆ, ಬೀಳಗಿಗಳ ಕಡೆಯ ಪಕ್ಷಿಪ್ರಿಯರು ಬಲ್ಲರು. ಗದಗ ಜಿಲ್ಲೆಯ ಮಾಗಡಿ ಕೆರೆ ಈ ಪಟ್ಟೆತಲೆಯ ಹೆಬ್ಬಾತುಗಳಿಗೆ ಹೆಸರಾದುದು. ಅವು ಹಗಲು ಕೆರೆಯಲ್ಲಿ ವಿರಮಿಸಿ ಇರುಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ, ಅಭಯಾರಣ್ಯವೆನಿಸದ ಇಂಥ ಕೆರೆಗಳನ್ನೂ ಊರಿನವರ ಸಹಭಾಗಿತ್ವದಲ್ಲಿ ಕಾಯುವ ಮಾರ್ಗ ತೆರೆಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಜನ ಅದಕ್ಕೂ ಬಹು ಹಿಂದಿನಿಂದ ಯಾವ ಕಾಯಿದೆಯ ಒತ್ತಾಯವೂ ಇಲ್ಲದೆ ತಮ್ಮ ಹಿತ್ತಿಲ ಮರಗಳಲ್ಲಿ ಕೊಕ್ಕರೆಗಳಿಗೆ ಬಾಣಂತನ ಮಾಡಿದವರು. ದಂಡೆಯೊಂದು ಮೀಸಲಾಗುವುದು ಫಲಕದಿಂದಲ್ಲ, ಅಲ್ಲಿಗೆ ಹೋಗುವವರ ನಡತೆಯಿಂದ ಎಂಬುದಕ್ಕೆ ಆ ಊರೇ ನಿದರ್ಶನ.

ಇಂದು ಜಲಾಶಯಗಳ ದಂಡೆಗಳಿಗೆ ವಿಹಾರಾರ್ಥಿಗಳ ನೂಕುನುಗ್ಗಲು ಹೆಚ್ಚುತ್ತಿದೆ. ಕಬಿನಿ, ಭದ್ರಾ ಜಲಾಶಯಗಳ ಮಗ್ಗುಲಲ್ಲಿ ನಿಸರ್ಗವಾಸದ ಬಿಡಾರಗಳು ತಲೆಯೆತ್ತಿವೆ. ಆಲಮಟ್ಟಿಯ ಉದ್ಯಾನಗಳನ್ನು ನೋಡಲು ಶಾಲಾಮಕ್ಕಳ ವಾಹನಗಳು ಸಾಲುಗಟ್ಟುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಉಂಡ ತಟ್ಟೆ, ಪ್ಲಾಸ್ಟಿಕ್ ಬಾಟಲಿ, ಒಡೆದ ಗಾಜುಗಳನ್ನು ದಂಡೆಗೆ ದಾನಮಾಡಿ, ಧ್ವನಿವರ್ಧಕದಿಂದ ಹಕ್ಕಿಯನ್ನು ಎಬ್ಬಿಸಿ, ಆಳ ಅರಿಯದೆ ನೀರಿಗೆ ಧುಮುಕುವುದು ವಿಹಾರವೂ ಅಲ್ಲ, ವಿದ್ಯೆಯೂ ಅಲ್ಲ. ಸುಸ್ತಾಗಿ ದೂರದಿಂದ ಬಂದ ಹಕ್ಕಿಗಳ ಹಿಂಡನ್ನು ಒಂದು ಚಿತ್ರಕ್ಕಾಗಿ ಹಾರಿಸುವುದು, ಪಂಕ್ತಿಯಲ್ಲಿ ಉಣ್ಣುತ್ತಿರುವ ಅತಿಥಿಯನ್ನು ಎಬ್ಬಿಸಿದಷ್ಟೇ ಅನುಚಿತ. ದಾಸೋಹದ ಪರಂಪರೆಯಲ್ಲಿ ಬೆಳೆದ ಮಕ್ಕಳಿಗೆ ಈ ಮಾತನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಎರಡನೆಯ ದಿನ ಗುಡಾರ ಕಿತ್ತ ಬಳಿಕ ಹುಡುಗರು ಸಾಲಾಗಿ ನಿಂತು ಬಯಲನ್ನು ಹೆಜ್ಜೆ ಹೆಜ್ಜೆಗೂ ಶೋಧಿಸಿದರು. ತಾವು ತಂದ ಕಸವನ್ನು ಮಾತ್ರವಲ್ಲ, ಹಿಂದೆ ಬಂದವರು ಬಿಟ್ಟ ಕಸವನ್ನೂ, ಎರಡು ಹರಕು ಬಲೆಗಳನ್ನೂ ಚೀಲಕ್ಕೆ ತುಂಬಿದರು. ಒಲೆಯ ಬೂದಿಗೆ ನೀರು ಹನಿಸಿ, ಕೈಯಿಂದ ಮುಟ್ಟಿ ನೋಡಿ, ಕೆಂಡ ಆರಿದ್ದನ್ನು ಖಚಿತಪಡಿಸಿಕೊಂಡರು. ಗೂಟದ ಗುಳಿಗಳನ್ನು ಮುಚ್ಚಿದರು. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು ತಮಗಾಗಿ ಯಾವ ಸ್ಮಾರಕವನ್ನೂ ಕಟ್ಟಬಾರದೆಂದು ಮುಂಚೆಯೇ ಬರೆದಿರಿಸಿದ್ದನ್ನು ಈ ಭಾಗದ ಜನ ಮರೆಯಲಾರರು. ಇಳೆಯ ಮೇಲೆ ಗುರುತುಳಿಸದೆ ಹೋಗುವುದೂ ಒಂದು ದೊಡ್ಡ ಸಂಸ್ಕಾರ. ಎರಡು ದಿನದ ಬಿಡಾರದಲ್ಲಿ ಅದರ ಒಂದು ಕಣವಾದರೂ ಮಕ್ಕಳ ಕೈಗೆ ಹತ್ತಿದ್ದರೆ ಶಿಬಿರ ಸಾರ್ಥಕವಾಯಿತು.

ಮರೆಯಬಾರದ ಇನ್ನೊಂದು ಸಂಗತಿಯಿದೆ. ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿ, ನಾರಾಯಣಪುರದ ಬಸವಸಾಗರದ ನೀರು ಏರಿದಾಗಲೂ ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯಾಕಾರದ ಎತ್ತರದ ಗೋಡೆ ಕಟ್ಟಿ ಕಾಪಾಡಲಾಗಿದೆ. ಭಕ್ತರು ಮೆಟ್ಟಿಲಿಳಿದು, ಸುತ್ತಲಿನ ನೀರಿಗಿಂತ ಕೆಳಗೆ ನಿಂತು ದರ್ಶನ ಪಡೆಯುತ್ತಾರೆ. ಎಲ್ಲ ಊರುಗಳಿಗೂ, ಎಲ್ಲ ಹೊಲಗಳಿಗೂ ಹಾಗೆ ಗೋಡೆ ಕಟ್ಟಲಾಗದು. ಮುಳುಗಿದ ಊರಿಗೆ ಕಟ್ಟಬಹುದಾದ ಗೋಡೆಯೆಂದರೆ ನೆನಪು ಒಂದೇ. ಆ ನೆನಪು ಈಗ ಎಪ್ಪತ್ತು ಎಂಬತ್ತು ದಾಟಿದ ಕೆಲವು ತಲೆಗಳಲ್ಲಿ ಮಾತ್ರ ಉಳಿದಿದೆ. ಅವರು ಹೋದ ಮೇಲೆ ಯಾವ ತಿಳಿನೀರಿನ ಕೆಳಗೆ ಯಾವ ಬಾವಿಯಿದೆಯೆಂದು ಹೇಳುವವರಾರು?

ಆದುದರಿಂದ ಮುಂದಿನ ಶಿಬಿರಕ್ಕೆ ಹೊರಡುವ ಮುನ್ನ ಹುಡುಗರು ಹಿರಿಯರ ಮನೆ ಮನೆಗೆ ಹೋಗಿ, ಹಳೆಯ ಕೊಲ್ಹಾರದ ಓಣಿ, ಹೊಲ, ಬಾವಿ, ಹಳ್ಳ, ಗುಡಿಗಳನ್ನು ಕೇಳಿ ಬರೆದುಕೊಂಡು ದಂಡೆಯ ನಕ್ಷೆಯೊಂದನ್ನು ಸಿದ್ಧಪಡಿಸಬೇಕೆಂದು ಶಿಕ್ಷಕರು ನಿಶ್ಚಯಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಆ ಊರಿನವರು ಅನೇಕರಿದ್ದಾರೆ. ಅವರು ತಮ್ಮ ಮನೆಯ ಹಿರಿಯರ ಮಾತನ್ನು ಬರೆದು ಕಳಿಸಿದರೆ ಅದೇ ಗುರುದಕ್ಷಿಣೆ. ದಾನಿಗಳು ಗುಡಾರ, ತೇಲುಅಂಗಿ, ಗಟ್ಟಿಹಗ್ಗ, ಔಷಧಪೆಟ್ಟಿಗೆ, ದುರ್ಬೀನುಗಳನ್ನು ಒದಗಿಸಿದರೆ ಅದು ವಿದ್ಯಾದಾನವೂ ಹೌದು, ಪ್ರಾಣದಾನವೂ ಹೌದು. ಪ್ರತಿಯೊಂದು ಶಿಬಿರದಲ್ಲಿಯೂ ಆ ದಂಡೆಯನ್ನು ಬಲ್ಲ ಹಿರಿಯರೊಬ್ಬರಿಗೆ ಆಚಾರ್ಯಪೀಠವನ್ನು ಕೊಡುವುದಕ್ಕಂತೂ ಯಾವ ಖರ್ಚೂ ತಗಲದು.

ಹೊರಡುವಾಗ ಹುಡುಗರು ವೃದ್ಧರ ಪಾದ ಮುಟ್ಟಿ ನಮಸ್ಕರಿಸಿದರು. ಅವರು ಬರಿದಾದ ಗಡಿಗೆಗಳನ್ನು ಎತ್ತಿಕೊಂಡು, "ಮುಂದಿನ ವರ್ಷ ಬರ್ರಿ, ನೀರು ಇನ್ನೂ ಇಳಿದಿದ್ರ ಬಾವಿ ತೋರಸ್ತೀನಿ" ಎಂದರು. ಆ ಕರೆ ಹುಡುಗರ ಕಿವಿಯಲ್ಲಿ ಉಳಿಯಲಿ. ಆ ಬಾವಿಯನ್ನು ನೋಡುವ ದಿನದವರೆಗೆ ಸದಾಶಿವನು ಆ ಹಿರಿಯ ಜೀವಕ್ಕೆ ಆಯುರಾರೋಗ್ಯವನ್ನು ಕರುಣಿಸಲಿ.